ಅಲರ್ಜಿ ವೈದ್ಯರು ಎಲ್ಲಿದ್ದಾರೆ? ಸರ್ಕಾರಿ ಆರೋಗ್ಯ ಕಾರ್ಡ್ ಎಲ್ಲಿ ನಡೆಯುತ್ತದೆ?

ಬೆಂಗಳೂರು: ಬೆಳಗ್ಗೆ ಎದ್ದೊಡನೆ ಇಪ್ಪತ್ತು ಸೀನು, ಮಧ್ಯಾಹ್ನದ ಹೊತ್ತಿಗೆ ಕಟ್ಟಿದ ಮೂಗು, ರಾತ್ರಿ ಎದೆಯಲ್ಲಿ ಸಿಳ್ಳೆ. ರಾಜಧಾನಿಯಲ್ಲಿ ನಾಲ್ಕೈದು ವರ್ಷ ನೆಲೆಸಿದವರಿಗೆ ಈ ದಿನಚರಿ ಹೊಸದಲ್ಲ. ಊರಿನಿಂದ ಬಂದ ನೆಂಟರು 'ಬೆಂಗಳೂರಿನ ಹವೆ ಒಗ್ಗಲಿಲ್ಲ' ಎಂದು ಹೇಳಿ ಹಿಂದಿರುಗುತ್ತಾರೆ. ಹಿಂದಿರುಗಲಾಗದವರು ಔಷಧ ಅಂಗಡಿಯಲ್ಲಿ ಒಂದು ಸಿಟ್ರಿಜಿನ್ ಮಾತ್ರೆ ಕೊಂಡು ಕೆಲಸಕ್ಕೆ ಹೋಗುತ್ತಾರೆ. ಈ ಮಾತ್ರೆಯಿಂದ ಮಾತ್ರೆಗೆ ಸಾಗುವ ಬದುಕಿನಲ್ಲಿ ಎಂದಾದರೊಂದು ದಿನ ಪ್ರಶ್ನೆ ಏಳುತ್ತದೆ: ಇದಕ್ಕೆಂದೇ ಒಬ್ಬ ವೈದ್ಯರಿಲ್ಲವೇ? ಇದ್ದರೆ, ಕೈಯಲ್ಲಿರುವ ಸರ್ಕಾರಿ ಕಾರ್ಡನ್ನು ಅವರು ಒಪ್ಪುತ್ತಾರೆಯೇ?

ಈ ವರದಿಗಾರನಿಗೆ ಪ್ರಶ್ನೆ ಎದುರಾದದ್ದು ಅಕ್ಕನ ಮಗನ ಕಾರಣದಿಂದ. ಏಳು ವರ್ಷದ ಹುಡುಗ. ಪ್ರತಿ ಮಳೆಗಾಲದಲ್ಲಿ ಎರಡು ಬಾರಿಯಾದರೂ ನೆಬ್ಯುಲೈಜರ್‌ಗಾಗಿ ರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತಿತ್ತು. ಅಕ್ಕನ ಬಳಿ ಬಿ.ಪಿ.ಎಲ್. ಪಡಿತರ ಚೀಟಿಯೂ ಆರೋಗ್ಯ ಕಾರ್ಡೂ ಇದ್ದವು. ನಗರದ ದೊಡ್ಡದೊಂದು ಖಾಸಗಿ ಆಸ್ಪತ್ರೆಯ ಮುಂದೆ ಯೋಜನೆಯ ಫಲಕವನ್ನು ಕಂಡು ಒಳಹೊಕ್ಕೆವು. ಕೌಂಟರಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, 'ಕಾರ್ಡ್ ನಡೆಯುತ್ತೆ ಸಾರ್, ಆದ್ರೆ ಅಡ್ಮಿಟ್ ಆದ್ರೆ ಮಾತ್ರ. ಅಲರ್ಜಿ ಟೆಸ್ಟಿಗೆ ದುಡ್ಡು ಕಟ್ಟಬೇಕು' ಎಂದಳು. ಅಕ್ಕ ಕೇಳಿದಳು: 'ಹಾಗಾದ್ರೆ ಹೊರಗೆ ಬೋರ್ಡ್ ಯಾಕಮ್ಮಾ ಹಾಕಿದೀರ?' ಆ ಹುಡುಗಿಯ ಬಳಿ ಉತ್ತರವಿರಲಿಲ್ಲ. ತಪ್ಪು ಅವಳದೂ ಆಗಿರಲಿಲ್ಲ. ಫಲಕ ಹೇಳುವುದಕ್ಕೂ ಯೋಜನೆ ಕೊಡುವುದಕ್ಕೂ ನಡುವೆ ಇರುವ ಅಂತರವೇ ಈ ಲೇಖನದ ವಿಷಯ.

ಹೆಸರಿಲ್ಲದ ವಿಭಾಗ

ಮೊದಲು ವೈದ್ಯರ ಮಾತು. ಅಮೆರಿಕದಂತಹ ದೇಶಗಳಲ್ಲಿ 'ಅಲರ್ಜಿ ಮತ್ತು ಇಮ್ಯುನಾಲಜಿ' ಎಂಬುದು ಪ್ರತ್ಯೇಕ ತಜ್ಞ ಶಾಖೆ. ನಮ್ಮಲ್ಲಿ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಫಲಕಗಳನ್ನು ಒಂದೊಂದಾಗಿ ಓದಿಕೊಂಡು ಹೋದರೂ 'ಅಲರ್ಜಿ' ಎಂಬ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಅಂದರೆ ಚಿಕಿತ್ಸೆ ಇಲ್ಲವೆಂದಲ್ಲ. ಅದು ನಾಲ್ಕು ಬಾಗಿಲುಗಳ ಹಿಂದೆ ಹಂಚಿಹೋಗಿದೆ, ಅಷ್ಟೆ.

ಉಸಿರಾಟದ ತೊಂದರೆ, ಆಸ್ತಮಾ, ಧೂಳಿನಿಂದ ಬರುವ ಕೆಮ್ಮು ಇದ್ದರೆ ಶ್ವಾಸಕೋಶ ರೋಗ ವಿಭಾಗ. ಹಳೆಯ ಆಸ್ಪತ್ರೆಗಳಲ್ಲಿ ಇದನ್ನು ಈಗಲೂ 'ಎದೆ ರೋಗ ವಿಭಾಗ' ಅಥವಾ 'ಟಿ.ಬಿ. ಮತ್ತು ಎದೆ ರೋಗ' ಎಂದು ಬರೆದಿರುತ್ತಾರೆ. 'ಟಿ.ಬಿ.' ಎಂಬ ಎರಡಕ್ಷರ ಕಂಡು ಹಿಂದೆ ಸರಿಯುವವರು ಬಹಳ. ಸರಿಯಬೇಕಾಗಿಲ್ಲ, ಆಸ್ತಮಾ ನೋಡುವವರೂ ಅವರೇ. ಸೀನು, ಮೂಗಿನ ತುರಿಕೆ, ಮೂಗಿನೊಳಗೆ ಬೆಳೆಯುವ ಪಾಲಿಪ್ ಇದ್ದರೆ ಕಿವಿ-ಮೂಗು-ಗಂಟಲು ವಿಭಾಗ. ಮೈಮೇಲೆ ಪಿತ್ತಗಂಧೆ ಏಳುವುದು, ಕಾಂಗ್ರೆಸ್ ಗಿಡ ತಾಗಿ ಚರ್ಮ ದಪ್ಪಗಾಗಿ ಕಪ್ಪಾಗುವುದು, ಸಿಮೆಂಟು ಅಥವಾ ಕೂದಲ ಬಣ್ಣದಿಂದ ಬರುವ ಉರಿ, ಇವು ಚರ್ಮರೋಗ ವಿಭಾಗದ ಪಾಲಿಗೆ. ಮಕ್ಕಳಾದರೆ ಇವೆಲ್ಲವೂ ಮೊದಲು ಮಕ್ಕಳ ವಿಭಾಗಕ್ಕೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳಬೇಕು. ಅಂತರ್ಜಾಲದಲ್ಲಿ 'ಇಮ್ಯುನಾಲಜಿಸ್ಟ್' ಎಂದು ಹುಡುಕಿದವರಿಗೆ 'ಕ್ಲಿನಿಕಲ್ ಇಮ್ಯುನಾಲಜಿ ಅಂಡ್ ರುಮಟಾಲಜಿ' ತಜ್ಞರ ಹೆಸರು ಸಿಗುತ್ತದೆ. ಇದು ಎಂ.ಡಿ. ನಂತರದ ಡಿ.ಎಂ. ಪದವಿ. ಬಹಳ ಒಳ್ಳೆಯ ತಜ್ಞರು, ಆದರೆ ಅವರ ಮುಖ್ಯ ಕೆಲಸ ಸಂಧಿವಾತ, ಲೂಪಸ್ ಮುಂತಾದ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿ ಬೀಳುವ ಕಾಯಿಲೆಗಳು. ಸೀನಿಗೆ ಅವರ ಬಳಿ ಹೋದರೆ ಅವರೂ ಎದೆ ರೋಗ ತಜ್ಞರ ಕಡೆಗೇ ಕಳುಹಿಸಿಯಾರು.

ಹಾಗಾದರೆ 'ಅಲರ್ಜಿ ತಜ್ಞರು' ಎಂದು ಫಲಕ ಹಾಕಿಕೊಂಡವರು ಯಾರು? ಬಹುಪಾಲು ಮೇಲಿನ ನಾಲ್ಕು ಶಾಖೆಗಳಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಳಿಕ ಅಲರ್ಜಿ ಕುರಿತ ಡಿಪ್ಲೊಮಾ, ಫೆಲೋಷಿಪ್ ಅಥವಾ ಸರ್ಟಿಫಿಕೇಟ್ ತರಬೇತಿ ಮುಗಿಸಿದವರು. ಕೆಲವರದು ಒಂದೆರಡು ವರ್ಷದ ತರಬೇತಿ, ಕೆಲವರದು ಕೆಲವೇ ದಿನಗಳ ಕಾರ್ಯಾಗಾರ. ಫಲಕದಲ್ಲಿ ಎರಡಕ್ಕೂ ಅಕ್ಷರ ಒಂದೇ ಅಳತೆಯಲ್ಲಿರುತ್ತದೆ! ಆದ್ದರಿಂದ ಮೂಲ ಪದವಿ ಯಾವುದು ಎಂದು ನೋಡಿ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು.

ಕಾಯಿಲೆ ಸಣ್ಣದಲ್ಲ

ಸೀನಿಗೂ ತುರಿಕೆಗೂ ಇಷ್ಟೊಂದು ಪೀಠಿಕೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಸುಮಾರು 20,000 ಮಕ್ಕಳನ್ನು ಎರಡು ದಶಕಗಳ ಕಾಲ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ನಗರದ ಎಲ್ಲ ಮಕ್ಕಳದ್ದಲ್ಲ ಎಂಬುದನ್ನು ಮರೆಯಬಾರದು. ಆದರೂ ಏರಿಕೆಯ ದಿಕ್ಕು ಸ್ಪಷ್ಟ. ಉದ್ಯಾನ ನಗರಿ ವಾಹನ ನಗರಿಯಾದ ಕಾಲವೂ ಅದೇ.

ಇನ್ನು ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಎಂಬ ಈ ಕಳೆ ನಮ್ಮ ದೇಶದಲ್ಲಿ ಜನರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಇಂದು ರಾಜ್ಯದ ಖಾಲಿ ನಿವೇಶನ, ರೈಲು ಹಳಿ, ಹೊಲದ ಬದು ಯಾವುದನ್ನೂ ಅದು ಬಿಟ್ಟಿಲ್ಲ. ಅದರ ಎಲೆ ಕಾಂಡ ಚರ್ಮಕ್ಕೆ ತಾಗಿದರೆ ಒಂದು ಬಗೆಯ ತೊಂದರೆ, ಪರಾಗ ಮೂಗಿಗೆ ಹೋದರೆ ಇನ್ನೊಂದು. ಬರಿಗೈಯಲ್ಲಿ ಕಿತ್ತ ಪೌರಕಾರ್ಮಿಕರು, ಕೃಷಿ ಕೂಲಿಗಳು ಇದಕ್ಕೆ ಹೆಚ್ಚು ಬಲಿ. ಕಾರ್ಡಿನ ಪ್ರಶ್ನೆ ಅವರಿಗೇ ಹೆಚ್ಚು ಮುಖ್ಯ.

ಆರೋಗ್ಯ ಕರ್ನಾಟಕ: ಕೊಡುವುದೇನು, ಕೊಡದಿರುವುದೇನು

ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಯೋಜನೆಯನ್ನು ಆರಂಭಿಸಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ 'ಆಯುಷ್ಮಾನ್ ಭಾರತ್' ಬಂತು. ಎರಡನ್ನೂ ಸೇರಿಸಿ ಅಕ್ಟೋಬರ್ ಕೊನೆಯಲ್ಲಿ ಒಂದೇ ಯೋಜನೆ ಮಾಡಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ಉಳಿದ ಶೇ. 70 ರೋಗಿಯದೇ.

ಈಗ ಅಲರ್ಜಿ ರೋಗಿಗೆ ಬೇಕಾದ ಮಾತು. ಈ ಯೋಜನೆಯ ಹಣ ಮೂಲತಃ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಖಾಸಗಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರನ್ನು ಕಂಡ ಶುಲ್ಕ, ಚರ್ಮ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆ, ತಿಂಗಳು ತಿಂಗಳಿನ ಇನ್‌ಹೇಲರ್ ಇವು ಇದರಡಿ ಬರುವುದಿಲ್ಲ. ಅಲರ್ಜಿಯ ಚಿಕಿತ್ಸೆಯಾದರೋ ನೂರಕ್ಕೆ ತೊಂಬತ್ತು ಪಾಲು ಹೊರರೋಗಿ ವಿಭಾಗದಲ್ಲಿಯೇ ನಡೆಯುವಂಥದ್ದು. ಅಂದರೆ ಮಗುವಿಗೆ ಉಸಿರುಗಟ್ಟಿ ದಾಖಲಾದಾಗ ಸಹಾಯಕ್ಕೆ ಬರುವ ಕಾರ್ಡು, ಉಸಿರುಗಟ್ಟದಂತೆ ನೋಡಿಕೊಳ್ಳುವ ಚಿಕಿತ್ಸೆಗೆ ಖಾಸಗಿಯಲ್ಲಿ ಬರುವುದಿಲ್ಲ. ಇದು ವಿಪರ್ಯಾಸ ಎಂದು ಈ ವರದಿಗಾರನ ಅನಿಸಿಕೆ. ಒಂದು ರಾತ್ರಿಯ ದಾಖಲಾತಿಗೆ ಸರ್ಕಾರ ತೆರುವ ಹಣದಲ್ಲಿ ಹಲವು ತಿಂಗಳ ಇನ್‌ಹೇಲರ್ ಬರುತ್ತದೆ.

ಎರಡನೆಯ ತೊಡಕು, ರೆಫರಲ್. ಯೋಜನೆಯಲ್ಲಿ ಚಿಕಿತ್ಸೆಗಳನ್ನು ಸಾಮಾನ್ಯ ದ್ವಿತೀಯ ಹಂತ, ಕ್ಲಿಷ್ಟ ದ್ವಿತೀಯ ಹಂತ, ತೃತೀಯ ಹಂತ ಮತ್ತು ತುರ್ತು ಎಂದು ವಿಂಗಡಿಸಲಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿರುವುದನ್ನು ಅಲ್ಲಿಯೇ ಪಡೆಯಬೇಕು. ಅಲ್ಲಿ ಆಗದಿದ್ದರೆ ವೈದ್ಯರು ರೆಫರಲ್ ಪತ್ರ ಬರೆದುಕೊಡುತ್ತಾರೆ, ಆಗ ಮಾತ್ರ ಖಾಸಗಿ ಆಸ್ಪತ್ರೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ನೇರವಾಗಿ ಖಾಸಗಿಗೆ ಹೋಗಿ ಬಳಿಕ ಪತ್ರ ತರುತ್ತೇವೆಂದರೆ ನಡೆಯುವುದಿಲ್ಲ.

ಮೂರನೆಯದು ಬಹುಜನರಿಗೆ ತಿಳಿಯದ ಸಂಗತಿ. ಖಾಸಗಿ ಆಸ್ಪತ್ರೆ ಯೋಜನೆಗೆ ನೋಂದಣಿಯಾಗುವುದು ವಿಭಾಗವಾರು. ಹೃದ್ರೋಗಕ್ಕೆ ನೋಂದಣಿಯಾದ ಆಸ್ಪತ್ರೆ ಎದೆ ರೋಗಕ್ಕೆ ಆಗಿರಬೇಕೆಂದಿಲ್ಲ. ಫಲಕ ಮಾತ್ರ ಇಡೀ ಆಸ್ಪತ್ರೆಗೆ ಒಂದೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಕಾರ್ಡ್ ತೆಗೆದುಕೊಳ್ಳುತ್ತೀರಾ?' ಎಂಬುದಲ್ಲ. 'ಶ್ವಾಸಕೋಶ ವಿಭಾಗಕ್ಕೆ ನೋಂದಣಿ ಇದೆಯೇ? ಈ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ? ದಾಖಲಾಗಬೇಕೇ?' ಎಂದು ಮೂರಾಗಿ ಕೇಳಬೇಕು. ನೋಂದಾಯಿತ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಕೌಂಟರಿನವರನ್ನು ಬಿಟ್ಟು ಅವರನ್ನೇ ಹುಡುಕಿ ಕೇಳುವುದು ಒಳಿತು. ಮನೆಯಿಂದಲೇ ವಿಚಾರಿಸುವುದಾದರೆ ರಾಜ್ಯದ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಭಾರತ್ ಸಹಾಯವಾಣಿ 14555.

ಹಾಗಾದರೆ ಕಾರ್ಡು ನಿರುಪಯೋಗವೇ? ಅಲ್ಲ. ಆಸ್ತಮಾ ಉಲ್ಬಣಿಸಿ ದಾಖಲಾದಾಗ, ಮೂಗಿನ ಪಾಲಿಪ್‌ಗೆ ಶಸ್ತ್ರಚಿಕಿತ್ಸೆ ಬೇಕಾದಾಗ, ಔಷಧದ ಅಲರ್ಜಿಯಿಂದ ಮೈಯೆಲ್ಲ ಸುಲಿದು ತೀವ್ರ ನಿಗಾ ಘಟಕ ಸೇರಬೇಕಾದಾಗ ಅದರ ಬೆಲೆ ತಿಳಿಯುತ್ತದೆ. ಪಡಿತರ ಚೀಟಿ ಮತ್ತು ಆಧಾರ್ ಒಯ್ದರೆ ಸಾಕು. ಎರಡರಲ್ಲೂ ಹೆಸರು ಒಂದೇ ರೀತಿ ಇರಲಿ. ಮಗುವಿನ ಹೆಸರನ್ನು ಪಡಿತರ ಚೀಟಿಗೆ ಸೇರಿಸದೆ ಬಿಟ್ಟ ತಂದೆ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ಪರದಾಡುವುದನ್ನು ನೋಡಿದ್ದೇವೆ. ಅಕ್ಕನೂ ಅವರಲ್ಲಿ ಒಬ್ಬಳಾಗಿದ್ದಳು ಎಂಬುದನ್ನು ಮುಚ್ಚಿಡುವುದೇಕೆ?

ಹೊರರೋಗಿಗೆ ದಾರಿ: ಸರ್ಕಾರಿ ಆಸ್ಪತ್ರೆ

ವಿಮೆಯ ಮಾತನ್ನು ಬದಿಗಿಟ್ಟು ನೋಡಿದರೆ ಹೊರರೋಗಿಗೆ ಅಗ್ಗದ ದಾರಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳದ್ದೇ. ಅಲ್ಲಿ ವಿಮೆಯೇ ಬೇಕಿಲ್ಲ, ಚೀಟಿಗೆ ಅಲ್ಪ ಶುಲ್ಕ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ಕಡೆ, ನಿಮ್ಹಾನ್ಸ್ ಸಮೀಪದಲ್ಲಿರುವ ರಾಜೀವ್ ಗಾಂಧಿ ಎದೆ ರೋಗಗಳ ಸಂಸ್ಥೆ ಶ್ವಾಸಕೋಶಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಹಳಬರು ಇದನ್ನು 'ಸ್ಯಾನಿಟೋರಿಯಂ' ಎಂದೇ ಕರೆಯುತ್ತಾರೆ. ವಿಕ್ಟೋರಿಯಾ, ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಗಳಿವೆ. ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿ-ಧಾರವಾಡದವರಿಗೆ ಜನ ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮಂಗಳೂರಿನಲ್ಲಿ ವೆನ್ಲಾಕ್, ಕಲಬುರಗಿಯಲ್ಲಿ ಜಿಮ್ಸ್, ಬೆಳಗಾವಿಯಲ್ಲಿ ಬಿಮ್ಸ್. ಉಳಿದ ಜಿಲ್ಲೆಗಳವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಎದೆ ರೋಗ ತಜ್ಞರು ಯಾವ ವಾರ ಕೂರುತ್ತಾರೆ ಎಂದು ಮೊದಲೇ ಕೇಳಿಕೊಂಡು ಹೋಗಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ನಿರೀಕ್ಷಿಸಬಹುದಾದದ್ದು: ತಜ್ಞರ ತಪಾಸಣೆ, ಊದಿಸಿ ನೋಡುವ ಶ್ವಾಸಕೋಶ ಸಾಮರ್ಥ್ಯ ಪರೀಕ್ಷೆ, ರಕ್ತದಲ್ಲಿ ಇಯೊಸಿನೊಫಿಲ್ ಎಣಿಕೆ, ಎಕ್ಸ್ ರೇ. ಚರ್ಮ ಚುಚ್ಚು ಪರೀಕ್ಷೆ ಎಲ್ಲ ಕಡೆಯೂ ಇರುವುದಿಲ್ಲ. ಇದ್ದರೂ ವಾರದ ನಿರ್ದಿಷ್ಟ ದಿನ ಮಾತ್ರ ಮಾಡುವ ಪದ್ಧತಿ ಇರಬಹುದು, ಪರೀಕ್ಷೆಯ ದ್ರಾವಣ ಮುಗಿದಿರಲೂಬಹುದು. ಆದುದರಿಂದ 'ಸ್ಕಿನ್ ಪ್ರಿಕ್ ಟೆಸ್ಟ್ ಯಾವ ದಿನ ಮಾಡುತ್ತೀರಿ?' ಎಂದು ಮೊದಲ ಭೇಟಿಯಲ್ಲಿಯೇ ಕೇಳಿಕೊಳ್ಳಿ.

ಖಾಸಗಿ ವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳು ನಡುವಿನ ದಾರಿ. ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕಾದ್ದರಿಂದ ಸಾಮಾನ್ಯ ವಿಭಾಗದ ಶುಲ್ಕ ಕಾರ್ಪೊರೇಟ್ ಆಸ್ಪತ್ರೆಗಿಂತ ಬಹಳ ಕಡಿಮೆ. ಅಕ್ಕನ ಮಗನಿಗೆ ಕೊನೆಗೂ ಪರೀಕ್ಷೆಯಾದದ್ದು ಇಂತಹ ಒಂದು ಕಡೆ. ಬೆಳಗ್ಗೆ ಎಂಟಕ್ಕೆ ಸರತಿ ನಿಂತು ಮಧ್ಯಾಹ್ನ ಒಂದಕ್ಕೆ ಹೊರಬಂದೆವು. ಮನೆಧೂಳಿನ ನುಸಿ ಎಂದು ಫಲಿತಾಂಶ. ಹುಡುಗ ನಾಲ್ಕು ವರ್ಷದಿಂದ ಮಲಗುತ್ತಿದ್ದದ್ದು ಅಜ್ಜಿಯ ಹಳೆಯ ಹತ್ತಿಯ ಹಾಸಿಗೆಯ ಮೇಲೆ.

ಕಾರ್ಖಾನೆ ಕೆಲಸಗಾರರೇ, ನಿಮ್ಮದೇ ಒಳ್ಳೆಯ ಕಾರ್ಡು

ಅಲರ್ಜಿ ರೋಗಿಯ ದೃಷ್ಟಿಯಿಂದ ರಾಜ್ಯದಲ್ಲಿರುವ ಸಾರ್ವಜನಿಕ ವಿಮೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇ.ಎಸ್.ಐ. ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. 1948ರ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆಯನ್ನು ಗಾರ್ಮೆಂಟ್ಸ್ ಹೆಣ್ಣುಮಕ್ಕಳು 'ಸಂಬಳದಲ್ಲಿ ಮುರಿದುಕೊಳ್ಳುವ ದುಡ್ಡು' ಎಂದಷ್ಟೇ ಬಲ್ಲರು. ಆದರೆ ಆರೋಗ್ಯ ಕರ್ನಾಟಕದಲ್ಲಿ ಇಲ್ಲದ್ದು ಇಲ್ಲಿದೆ: ಹೊರರೋಗಿ ಚಿಕಿತ್ಸೆ. ತಜ್ಞರ ಭೇಟಿ, ಪರೀಕ್ಷೆ, ತಿಂಗಳ ಔಷಧ ಎಲ್ಲವೂ ಇದರೊಳಗೆ. ಒಬ್ಬರಿಗೆ ಇಷ್ಟೇ ಎಂಬ ವೆಚ್ಚದ ಮಿತಿ ಇಲ್ಲ. ಕೆಲಸಗಾರರಿಗಷ್ಟೇ ಅಲ್ಲ, ಪತಿ ಅಥವಾ ಪತ್ನಿ, ಮಕ್ಕಳು, ಅವಲಂಬಿತ ತಂದೆ ತಾಯಿಗೂ ಅನ್ವಯ.

2017ರ ಜನವರಿಯಿಂದ ತಿಂಗಳ ವೇತನದ ಮಿತಿಯನ್ನು 21,000 ರೂ.ಗೆ ಏರಿಸಲಾಯಿತು. 2019ರ ಜುಲೈಯಿಂದ ಕೆಲಸಗಾರರ ವಂತಿಗೆ ವೇತನದ ಶೇ. 0.75, ಮಾಲೀಕರದು ಶೇ. 3.25. ಹದಿನೈದು ಸಾವಿರ ಸಂಬಳದವರಿಗೆ ತಿಂಗಳಿಗೆ 112 ರೂ. 50 ಪೈಸೆ. ಖಾಸಗಿಯಲ್ಲಿ ಒಮ್ಮೆ ವೈದ್ಯರ ಕೊಠಡಿಯ ಬಾಗಿಲು ತೆರೆಯಲೂ ಇದು ಸಾಲದು.

ಕ್ರಮ ಹೀಗಿದೆ. ಮೊದಲು ನಿಮ್ಮ ಹೆಸರು ನೋಂದಣಿಯಾಗಿರುವ ಇ.ಎಸ್.ಐ. ಡಿಸ್ಪೆನ್ಸರಿ. ಹತ್ತು ಅಂಕಿಯ ವಿಮಾ ಸಂಖ್ಯೆ, ಪೆಹಚಾನ್ ಕಾರ್ಡ್ ಕೈಯಲ್ಲಿರಲಿ. ಡಿಸ್ಪೆನ್ಸರಿ ವೈದ್ಯರು ಇ.ಎಸ್.ಐ. ಆಸ್ಪತ್ರೆಯ ತಜ್ಞರಿಗೆ ಬರೆದುಕೊಡುತ್ತಾರೆ. ಬೆಂಗಳೂರಿನ ರಾಜಾಜಿನಗರದಲ್ಲಿ ವೈದ್ಯಕೀಯ ಕಾಲೇಜು ಸಹಿತ ಇ.ಎಸ್.ಐ. ಆಸ್ಪತ್ರೆ ಇದೆ, ಇಂದಿರಾನಗರ ಮತ್ತು ಪೀಣ್ಯದಲ್ಲೂ ಆಸ್ಪತ್ರೆಗಳಿವೆ. ಕಲಬುರಗಿಯಲ್ಲಿಯೂ ಇ.ಎಸ್.ಐ. ವೈದ್ಯಕೀಯ ಕಾಲೇಜಿದೆ. ಅಲ್ಲಿ ಇಲ್ಲದ ಪರೀಕ್ಷೆ ಅಥವಾ ಚಿಕಿತ್ಸೆ ಬೇಕಾದಲ್ಲಿ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೆ ಅವರೇ ಪತ್ರ ಕೊಡುತ್ತಾರೆ. ತೊಂದರೆ ಇರುವುದು ಡಿಸ್ಪೆನ್ಸರಿಯಲ್ಲಿ. ವೈದ್ಯರು ಕೆಮ್ಮಿನ ಔಷಧ ಕೊಟ್ಟು ಸಾಗಹಾಕಿದರೆ ವರ್ಷಗಟ್ಟಲೆ ಅಲ್ಲಿಯೇ ಸುತ್ತಬೇಕಾಗುತ್ತದೆ. ಆಗ ಸ್ಪಷ್ಟವಾಗಿ, 'ಮೂರು ತಿಂಗಳಿಂದ ಕಡಿಮೆಯಾಗಿಲ್ಲ, ರಾತ್ರಿ ನಿದ್ದೆಯಿಂದ ಎಚ್ಚರವಾಗುತ್ತದೆ, ಎದೆ ರೋಗ ತಜ್ಞರಿಗೆ ಬರೆದುಕೊಡಿ' ಎಂದು ಕೇಳಬೇಕು. ಹಿಂದಿನ ಚೀಟಿಗಳನ್ನೆಲ್ಲ ಒಂದು ಕಡತದಲ್ಲಿ ಇಟ್ಟುಕೊಂಡು ಹೋದವರ ಮಾತಿಗೆ ತೂಕ ಹೆಚ್ಚು.

ಇನ್ನೂ ಒಂದು ಹಕ್ಕಿದೆ, ಇದನ್ನು ಕೇಳುವವರೇ ಇಲ್ಲ. ಕೆಲಸದ ಸ್ಥಳದ ಪದಾರ್ಥದಿಂದಲೇ ಬರುವ ಆಸ್ತಮಾ ಔದ್ಯೋಗಿಕ ರೋಗಗಳ ಅಧಿಕೃತ ಪಟ್ಟಿಯಲ್ಲಿ ಸೇರಿದೆ. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶ ರೋಗವೂ ಸೇರಿದೆ. ಬೇಕರಿಯ ಮೈದಾ ಹಿಟ್ಟು, ಕಾರಿಗೆ ಸಿಂಪಡಿಸುವ ಬಣ್ಣದಲ್ಲಿನ ರಾಸಾಯನಿಕ, ಚಿಕ್ಕಮಗಳೂರು ಹಾಸನದ ಕಡೆ ಕಾಫಿ ಸಂಸ್ಕರಣೆ ಮಾಡುವಲ್ಲಿ ಏಳುವ ಹಸಿ ಬೀಜದ ಧೂಳು, ಇವು ಆಸ್ತಮಾ ತರಬಲ್ಲವೆಂದು ವೈದ್ಯಶಾಸ್ತ್ರ ಗುರುತಿಸಿದ ಪದಾರ್ಥಗಳು. ಭಾನುವಾರ ಮತ್ತು ಹಬ್ಬದ ರಜೆಯಲ್ಲಿ ಕೆಮ್ಮು ಕಡಿಮೆಯಾಗಿ ಸೋಮವಾರ ಮರಳಿದರೆ ವೈದ್ಯರಿಗೆ ಆ ಮಾತನ್ನು ತಪ್ಪದೆ ಹೇಳಿ, ಚೀಟಿಯಲ್ಲಿ ಬರೆಸಿ. ರೋಗ ಔದ್ಯೋಗಿಕ ಎಂದು ಸಾಬೀತಾದರೆ ಚಿಕಿತ್ಸೆಯ ಜೊತೆಗೆ ಅಂಗವೈಕಲ್ಯ ಪರಿಹಾರದ ಬಾಗಿಲೂ ತೆರೆಯುತ್ತದೆ. ಮಾಲೀಕರಿಗೆ ಇದು ರುಚಿಸುವ ವಿಷಯವಲ್ಲ, ಅದೂ ಗೊತ್ತಿರಲಿ.

ಉಳಿದ ಯೋಜನೆಗಳು

ಕೇಂದ್ರ ಸರ್ಕಾರಿ ನೌಕರರು ಮತ್ತು ನಿವೃತ್ತರಿಗೆ ಸಿ.ಜಿ.ಎಚ್.ಎಸ್. ಇದೆ. ಇದರಲ್ಲೂ ಹೊರರೋಗಿ ಸೇವೆ ಉಂಟು. ಬೆಂಗಳೂರಿನ ವೆಲ್‌ನೆಸ್ ಸೆಂಟರಿನ ವೈದ್ಯರು ಬರೆದುಕೊಟ್ಟರೆ ನೋಂದಾಯಿತ ಖಾಸಗಿ ಆಸ್ಪತ್ರೆಯ ತಜ್ಞರನ್ನು ಕಾಣಬಹುದು. ಹಿರಿಯರಿಗೆ ರೆಫರಲ್ ಪತ್ರದಿಂದ ವಿನಾಯಿತಿ ನೀಡುವ ವಯೋಮಿತಿಯನ್ನು 2024ರಲ್ಲಿ 75ರಿಂದ 70ಕ್ಕೆ ಇಳಿಸಲಾಯಿತು.

ರಾಜ್ಯ ಸರ್ಕಾರಿ ನೌಕರರಿಗಿದ್ದ 'ಜ್ಯೋತಿ ಸಂಜೀವಿನಿ' ಹೃದ್ರೋಗ, ಕ್ಯಾನ್ಸರ್, ನರರೋಗ, ಸುಟ್ಟ ಗಾಯ ಮುಂತಾದ ಏಳು ಬಗೆಯ ದೊಡ್ಡ ಚಿಕಿತ್ಸೆಗಳಿಗಷ್ಟೇ ಮೀಸಲಾಗಿತ್ತು. ಅಲರ್ಜಿಗೆ ಅದರಲ್ಲಿ ಜಾಗವಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ನೌಕರರ ವಂತಿಗೆಯ 'ಕರ್ನಾಟಕ ಆರೋಗ್ಯ ಸಂಜೀವಿನಿ' ಜಾರಿಗೆ ಬಂತು. ನೌಕರರು ತಮ್ಮ ವಂತಿಗೆ ಕಡಿತವಾಗುತ್ತಿದೆಯೇ, ಅವಲಂಬಿತರ ಹೆಸರು ದಾಖಲಾಗಿದೆಯೇ ಎಂದು ಕಚೇರಿಯಲ್ಲಿ ಖಚಿತಪಡಿಸಿಕೊಂಡ ಬಳಿಕವೇ ಆಸ್ಪತ್ರೆಯ ದಾರಿ ಹಿಡಿಯಲಿ. ಸಹಕಾರ ಸಂಘಗಳ ಸದಸ್ಯರ 'ಯಶಸ್ವಿನಿ' 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ಸೌಲಭ್ಯ ನೀಡತೊಡಗಿತು. ಅದು ಒಳರೋಗಿ ಚಿಕಿತ್ಸೆಗೆ, ಅದರಲ್ಲೂ ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ.

ಪರೀಕ್ಷೆಗೆ ಹೋಗುವ ಮುನ್ನ

ಚರ್ಮ ಚುಚ್ಚು ಪರೀಕ್ಷೆ ಎಂದರೆ ಮುಂಗೈ ಮೇಲೆ ಧೂಳುನುಸಿ, ಪರಾಗ, ಬೂಷ್ಟು, ಜಿರಳೆ ಇತ್ಯಾದಿಗಳ ದ್ರಾವಣದ ಹನಿ ಇಟ್ಟು ಸೂಜಿಮೊನೆಯಿಂದ ಮೆಲ್ಲನೆ ಚುಚ್ಚುವುದು. ರಕ್ತ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸೊಳ್ಳೆ ಕಚ್ಚಿದಂತೆ ಏಳುವ ಗಂಧೆಯನ್ನು ಅಳೆಯುತ್ತಾರೆ. ಬರೀ ಉಪ್ಪುನೀರಿನ ಹನಿಗಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ಅಲರ್ಜಿ ಇರಬಹುದೆಂದು ಅರ್ಥ. ಸಿಟ್ರಿಜಿನ್‌ನಂತಹ ಮಾತ್ರೆ ನುಂಗಿದ್ದರೆ ಗಂಧೆ ಏಳುವುದೇ ಇಲ್ಲ. ಆದುದರಿಂದ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿ. ಸಾಮಾನ್ಯವಾಗಿ ಐದರಿಂದ ಏಳು ದಿನ. ಇದನ್ನು ತಿಳಿಯದೆ ಸರತಿ ನಿಂತು ಬರಿಗೈಯಲ್ಲಿ ಹಿಂದಿರುಗುವವರು ಇದ್ದಾರೆ. ಇನ್‌ಹೇಲರ್ ಮಾತ್ರ ವೈದ್ಯರು ಹೇಳದೆ ನಿಲ್ಲಿಸಬೇಡಿ. ಆಸ್ತಮಾ ಹತೋಟಿಯಲ್ಲಿ ಇಲ್ಲದಾಗ ಈ ಪರೀಕ್ಷೆ ಮಾಡುವುದಿಲ್ಲ.

ಪರೀಕ್ಷೆಯಲ್ಲಿ ಗಂಧೆ ಎದ್ದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎಂದಲ್ಲ, ರೋಗಿಯ ಕಥೆಯೊಂದಿಗೆ ಅದು ತಾಳೆಯಾಗಬೇಕು. ಇನ್ನೂರು ಬಗೆಯ ಆಹಾರಕ್ಕೆ ಒಂದೇ ರಕ್ತದ ಮಾದರಿಯಲ್ಲಿ 'ಐಜಿಜಿ' ಪರೀಕ್ಷೆ ಎಂಬ ಜಾಹೀರಾತುಗಳಿಗೆ ಹಣ ಸುರಿಯಬೇಡಿ. ಆಹಾರ ಅಲರ್ಜಿ ಪತ್ತೆಗೆ ಅದು ಉಪಯೋಗವಿಲ್ಲವೆಂದು ಜಗತ್ತಿನ ಪ್ರಮುಖ ಅಲರ್ಜಿ ವೈದ್ಯ ಸಂಘಗಳು ಹೇಳಿವೆ. ಅಲರ್ಜಿಗೆ ಸಂಬಂಧಿಸಿದ್ದು 'ಐಜಿಇ'. ಒಂದಕ್ಷರದ ವ್ಯತ್ಯಾಸ, ಸಾವಿರಾರು ರೂಪಾಯಿಯ ವ್ಯತ್ಯಾಸ!

ಅಲರ್ಜಿಗೆ 'ಲಸಿಕೆ' ಎಂದು ಜನ ಹೇಳುವ ಇಮ್ಯುನೋಥೆರಪಿ ದೀರ್ಘ ಪ್ರಯಾಣ. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ಎಂಬಂತೆ ಮೂರರಿಂದ ಐದು ವರ್ಷ. ಪ್ರತಿ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲಿಯೇ ಕುಳಿತಿರಬೇಕು. 'ಮನೆಗೆ ಒಯ್ದು ಹಾಕಿಸಿಕೊಳ್ಳಿ' ಎನ್ನುವವರಿಂದ ದೂರವಿರಿ. ಆರೋಗ್ಯ ಕಾರ್ಡಿನಲ್ಲಿ ಇದು ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಆರಂಭಿಸುವ ಮುನ್ನ ಐದು ವರ್ಷದ ಒಟ್ಟು ಖರ್ಚನ್ನು ಬರೆಸಿಕೊಳ್ಳಿ, ನಡುವೆ ನಿಲ್ಲಿಸಿದರೆ ಹಣವೂ ಶ್ರಮವೂ ವ್ಯರ್ಥ. ಅಷ್ಟು ಸಾಧ್ಯವಿಲ್ಲದವರು ನಿರಾಶರಾಗಬೇಕಾಗಿಲ್ಲ. ಸಾಲ್ಬುಟಮಾಲ್ ಮತ್ತು ಬ್ಯುಡೆಸೊನೈಡ್ ಇನ್‌ಹೇಲರ್‌ಗಳು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನು ಇದ್ದಾಗ ಉಚಿತ, ಇಲ್ಲದಾಗ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ವಿಚಾರಿಸಬಹುದು. ಹೆಚ್ಚಿನ ರೋಗಿಗಳಿಗೆ ಸರಿಯಾಗಿ ಬಳಸಿದ ಇನ್‌ಹೇಲರೇ ಸಾಕಾಗುತ್ತದೆ. ಚಟವಾಗುತ್ತದೆ ಎಂಬುದು ಸುಳ್ಳು.

ಪದೇ ಪದೇ ಸೋಂಕು ತಗಲುವ ಮಕ್ಕಳು

ಇದು ಅಲರ್ಜಿಯಲ್ಲ, ಆದರೆ ಇದೇ ಕವಲಿನ ಇನ್ನೊಂದು ಕೊಂಬೆ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ನ್ಯುಮೋನಿಯಾ, ಕೀವುಗುಳ್ಳೆ, ಕಿವಿಸೋರುವಿಕೆ ಬಿಡದೆ ಬರುತ್ತವೆ. ಒಂದು ಮಗು ಇದೇ ರೀತಿ ತೀರಿಕೊಂಡಿರುವ ಮನೆಯಲ್ಲಿ ಎರಡನೆಯದಕ್ಕೂ ಹೀಗಾದರೆ ತಡಮಾಡಬಾರದು. ಇಂತಹ ಕೆಲವು ಕಾಯಿಲೆಗಳು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿವೆ. ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಲ್ಲ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ ಅವುಗಳಲ್ಲಿ ಒಂದು. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂ.ವರೆಗೆ ಏರಿಸಲಾಯಿತು. ಈ ಹಣ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಮಾತ್ರ ಬರುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಅಂತಹ ಕೇಂದ್ರವಾಗಿವೆ. ಜಿಲ್ಲೆಯ ಮಕ್ಕಳ ವೈದ್ಯರಿಂದ ಪತ್ರ ಪಡೆದು ನೇರವಾಗಿ ಅಲ್ಲಿಗೆ ಹೋಗುವುದೇ ಸರಿ.

ಕಾರ್ಡು ಹುಡುಕುವ ಹೊತ್ತಲ್ಲ

ಕಡಲೆಕಾಯಿ, ಸಿಗಡಿ, ಜೇನುನೊಣದ ಕಡಿತ ಅಥವಾ ಯಾವುದೋ ಚುಚ್ಚುಮದ್ದಿನ ನಂತರ ಮೈಯೆಲ್ಲ ಗಂಧೆ ಎದ್ದು, ತುಟಿ ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ತಿರುಗಿದರೆ ಅದು ಅನಾಫಿಲಾಕ್ಸಿಸ್. ಆಗ ನಿಮಿಷಗಳ ಲೆಕ್ಕ. ಯೋಜನೆ, ನೋಂದಣಿ, ರೆಫರಲ್ ಯಾವುದನ್ನೂ ಯೋಚಿಸದೆ ಅತಿ ಸಮೀಪದ ಆಸ್ಪತ್ರೆಗೆ, ಅದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೂ ಸರಿ, ಹೋಗಬೇಕು ಅಥವಾ 108ಕ್ಕೆ ಕರೆ ಮಾಡಬೇಕು. ಬೇಕಾಗಿರುವ ಔಷಧ ಅಡ್ರಿನಾಲಿನ್, ತೊಡೆಯ ಸ್ನಾಯುವಿಗೆ. ಬಹಳ ಅಗ್ಗದ, ಹಳೆಯ ಔಷಧ. ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರದಲ್ಲಿಡಿ, ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಸಿಟ್ರಿಜಿನ್ ಕೊಟ್ಟು ಕಾಯುತ್ತ ಕೂರಬೇಡಿ. ವಿದೇಶಗಳಲ್ಲಿ ರೋಗಿಗಳು ಜೇಬಿನಲ್ಲಿ ಇಟ್ಟುಕೊಳ್ಳುವ ಅಡ್ರಿನಾಲಿನ್ ಪೆನ್ನು ನಮ್ಮ ಔಷಧ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಒಮ್ಮೆ ಹೀಗಾದವರು ವೈದ್ಯರಿಂದ ಆಂಪೂಲ್ ಮತ್ತು ಸಿರಿಂಜ್ ಬರೆಸಿಕೊಂಡು, ಮನೆಯ ಒಬ್ಬರಾದರೂ ಅದನ್ನು ಬಳಸುವುದನ್ನು ಕಲಿತಿರಬೇಕು. ಯಾವ ಪದಾರ್ಥದಿಂದ ಹೀಗಾಯಿತು ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಚೀಟಿಯಲ್ಲಿ ಬರೆದು ಆಧಾರ್ ಜೊತೆ ಪರ್ಸಿನಲ್ಲಿ ಇಟ್ಟುಕೊಳ್ಳಿ.